ಕಂಬದ ರಾಯರು

ಶನಿಯ ಬಳೆಗಳ ಬಗ್ಗೆ ಕೇಳಿದರೆ ರಾಯರು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಟೆಲಿಸ್ಕೋಪ್ ಕೂರಿಸುವ ಕಂಬದ ಬಗ್ಗೆ ಕೇಳಿದಿರೋ, ಊಟಕ್ಕೆ ಕಾಯಬೇಡಿ ಎಂದು ಮನೆಗೆ ಮೊದಲೇ ಫೋನ್ ಮಾಡಿಬಿಡಿ.

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ವಾರವೆಲ್ಲ ಬ್ಯಾಂಕಿನಲ್ಲೋ ಸಾಫ್ಟ್‌ವೇರಿನಲ್ಲೋ ದುಡಿಮೆ, ಭಾನುವಾರ ಪೀಣ್ಯದ ವೆಲ್ಡಿಂಗ್ ಶೆಡ್ಡಿನಲ್ಲಿ ವಾಸ. ಜೇಬಿನಲ್ಲಿ ಪೆನ್ನಿನ ಪಕ್ಕ ಗೇಣುದ್ದದ ರಸಮಟ್ಟ. ಗೃಹಪ್ರವೇಶಕ್ಕೆ ಹೋದರೂ ಅದನ್ನು ಹೊಸ ನೆಲದ ಮೇಲಿಟ್ಟು, ಗುಳ್ಳೆ ಎತ್ತ ಸರಿಯಿತೆಂದು ಬಗ್ಗಿ ನೋಡಿ, "ಮೇಸ್ತ್ರಿ ಯಾರು?" ಎಂದು ಕೇಳದೆ ಎಲೆ ಮುಂದೆ ಕೂರುವವರಲ್ಲ.

ಅವರ ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. 200 ಪಟ್ಟು ಹಿಗ್ಗಿಸಿ ತೋರಿಸುವ ಟೆಲಿಸ್ಕೋಪು ಕಂಬದ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ. ಕತ್ತಲಲ್ಲಿ ಯಾರಾದರೂ ಸ್ಟ್ಯಾಂಡಿನ ಕಾಲು ಎಡವಿದರೆ ಗುರುಗ್ರಹ ತನ್ನ ಉಪಗ್ರಹಗಳ ಸಮೇತ ಮಾಯ. ಹಾಗಾಗಿ ಆರಿಂಚಿನ ಕಬ್ಬಿಣದ ಪೈಪು, ಬುಡಕ್ಕೆ ಕಳಚಿಡುವ ಮೂರು ಗಿಡ್ಡ ಕಾಲು. ಒಳಗೆ ಮರಳು ತುಂಬಿದರೆ ಅದುರಾಟ ಅಲ್ಲೇ ಇಂಗುತ್ತದೆ. "ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರೋ ಟೆಲಿಸ್ಕೋಪನ್ನ ನಮ್ಮ ಹೊಸಕೋಟೆಯಲ್ಲಿ ಕೂತು ತಿರುಗಿಸ್ತಾರೆ. ಹೇಗೆ? ಬುಡ ಗಟ್ಟಿ!" ಎನ್ನುತ್ತಾರೆ. ಉಪಗ್ರಹ ಸಂಪರ್ಕ ಅವರ ಲೆಕ್ಕದಲ್ಲಿ ಗೌಣ.

ಇಷ್ಟಕ್ಕೆ ನಿಲ್ಲಿಸಿದ್ದರೆ ಕಂಬ ಗೆದ್ದಿತ್ತು. "ಅಲ್ಲ ರೀ, ಕ್ಯಾಂಪಿಗೆ ಇಷ್ಟು ಭಾರ ಹೊರೋದು ಟೆಲಿಸ್ಕೋಪ್ ಒಂದಕ್ಕೇನಾ?" ಎಂದು ಮನೆಯಾಕೆ ಕೇಳಿದ್ದೇ ತಪ್ಪಾಯಿತು. ಕಂಬಕ್ಕೆ ಮಡಚುವ ಹಲಗೆ ಬಂತು, ಲಾಟೀನಿಗೆ ಕೊಕ್ಕೆ ಬಂತು, ಟೆಂಟಿನ ಹಗ್ಗಕ್ಕೆ ಕೊಂಡಿ, ಟವೆಲ್ಲಿಗೆ ಸಲಾಕೆ, ಸ್ಟವ್ವಿಗೆ ತಟ್ಟೆ. ವೆಲ್ಡರ್ ಹುಡುಗ ಕನ್ನಡಕ ಮೇಲೆತ್ತಿ, "ಸಾರ್, ಟೆಲಿಸ್ಕೋಪ್ ಎಲ್ಲಿ ಕೂರುತ್ತೆ?" ಎಂದ. ಅಪ್ರಸ್ತುತ ಪ್ರಶ್ನೆ.

ಪೈಪನ್ನು ಕ್ಯಾಂಪಿಗೆ ಖಾಲಿ ಒಯ್ದು, ಮರಳು ಅಲ್ಲೇ ತುಂಬಿಕೊಳ್ಳುವುದೆಂದು ಯೋಜನೆ. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಮರಳೆಲ್ಲಿ ಬರಬೇಕು? ಎರಡು ಮೂಟೆ ಕೇಳಿದ್ದಕ್ಕೆ ತೋಟದ ರೈಟರು ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಪರ್ಮಿಟ್ ಇದೆಯಾ ಸಾರ್?" ಎಂದರು. ಕೊನೆಗೆ ಕೆಮ್ಮಣ್ಣೇ ಗತಿಯಾಯಿತು. ಇನ್ನು ಕಂಬವನ್ನು ಧ್ರುವನಕ್ಷತ್ರಕ್ಕೆ ಹೊಂದಿಸಬೇಕು. ನಮ್ಮ ಕಡೆ ಅದು ದಿಗಂತದಿಂದ ಬರೀ 13 ಡಿಗ್ರಿ ಮೇಲೆ, ಅಂದರೆ ಸರಿಯಾಗಿ ಸಿಲ್ವರ್ ಓಕ್ ಸಾಲಿನ ಹಿಂದೆ. ಮರ ಕಡಿಸುವ ಪ್ರಸ್ತಾಪ ರಾಯರ ಬಾಯಿಗೆ ಬಂದಿತ್ತು, ರೈಟರ ಮುಖ ನೋಡಿ ನುಂಗಿಕೊಂಡರು.

ಅಂತೂ ಶನಿ ಸಿಕ್ಕಿದ. ಅಷ್ಟರಲ್ಲಿ ಹಲಗೆಯ ಮೇಲೆ ಯಾರೋ ಕಾಫಿ ಲೋಟ ಇಟ್ಟರು, ಶನಿ ಹಾರಿದ. ಗಾಳಿಗೆ ಟೆಂಟಿನ ಹಗ್ಗ ಜಗ್ಗಿತು, ಶನಿ ಕುಣಿದ. ಯಾರೋ ಒದ್ದೆ ಟವೆಲ್ ಎಳೆದುಕೊಂಡರು, ಶನಿ ಹೊರಟೇ ಹೋದ. ಸಾಡೇಸಾತಿ ನಡೆಯುತ್ತಿರುವವರಿಗೆ ಈ ಕಂಬವನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು. ಉಳಿದದ್ದಕ್ಕೆಲ್ಲ ಅದು ಅದ್ಭುತ. ಬೆಳಿಗ್ಗೆ ಅದರ ಮೇಲೆ ಅಕ್ಕಿರೊಟ್ಟಿ ಬೇಯಿತು, ಪಕ್ಕದ ಟೆಂಟಿನವರು ಬಂದು ಕನ್ನಡಿ ನೇತುಹಾಕಿ ಗಡ್ಡ ಹೆರೆದುಕೊಂಡರು.

ತಪ್ಪು ಎಲ್ಲಿದೆಯೆಂದು ರಾಯರಿಗೆ ಗೊತ್ತಾಗಿದೆ. ಊಟ ತಿಂಡಿಗೆ ಬೇರೆಯೇ ಒಂದು ಮಡಚುವ ಮೇಜು ಮಾಡಿಸುತ್ತಿದ್ದಾರೆ. ನಡುವೆ ನಾಲ್ಕು ತೂತು ಹೊಡೆಸಿದರೆ ಅದರ ಮೇಲೆ ಟೆಲಿಸ್ಕೋಪನ್ನೂ ಕೂರಿಸಬಹುದಂತೆ.