ವಿಷನ್‌ಗೆ ಎರಡು ಲಕ್ಷ

(ಉಚಿತ ನೇತ್ರ ಶಿಬಿರ ನಡೆಸುವ ಸ್ವಯಂಸೇವಕರ ಟ್ರಸ್ಟು. ಮಾರ್ಚ್ ತಿಂಗಳ ಬಜೆಟ್ ಸಭೆ. ಉಪ್ಪಿಟ್ಟು ಆಗಿದೆ, ಕಾಫಿ ಬರಬೇಕು.)

ಅಧ್ಯಕ್ಷರು: ಈ ಸಲ ವಿಷನ್‌ಗೆ ಎರಡು ಲಕ್ಷ ಎತ್ತಿಟ್ಟಿದ್ದೇವೆ.

ಗುಂಡ: ಸಂತೋಷ ಸಾರ್! ಎಷ್ಟು ಅಜ್ಜಿಯರ ಪೊರೆ ತೆಗೆಸಬಹುದು?

ಅಧ್ಯಕ್ಷರು: ಪೊರೆ ಅಲ್ಲಯ್ಯ, ವಿಷನ್ ಡಾಕ್ಯುಮೆಂಟ್. ಸಲಹೆಗಾರರು ಬರೆದುಕೊಡ್ತಾರೆ.

ಗುಂಡ: ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಕಣ್ಣಿನ ಆಪರೇಷನ್ ಮಾಡಿದ್ರಲ್ಲ, ಅವರದ್ದೊಂದು ಪ್ರತಿ ಸಿಗುತ್ತಾ? ನೋಡ್ಕೊಂಡು ಬರೆಯಬಹುದು.

ಅಧ್ಯಕ್ಷರು: ಅವರ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?

ಗುಂಡ: ಹೌದಾ! ಅದಕ್ಕೇ ಅವರಿಗೆ ಅಷ್ಟು ಪುರುಸೊತ್ತು.

ಕಾರ್ಯದರ್ಶಿ: ವಿಷಯಕ್ಕೆ ಬನ್ನಿ. ಮೊದಲ ಆದ್ಯತೆ, ಆದ್ಯತೆ ಗುರುತಿಸೋದು. ಸಕಲೇಶಪುರದ ರೆಸಾರ್ಟಲ್ಲಿ ಎರಡು ದಿನ ಚಿಂತನ ಶಿಬಿರ.

ಗುಂಡ: ಶಿಬಿರ ಅಂದ್ರೆ ನಾವೂ ರೆಡಿ!

ಕಾರ್ಯದರ್ಶಿ: ನೀವು ಸ್ವಯಂಸೇವಕರು. ಸ್ವಯಂ ಖರ್ಚಲ್ಲಿ ಬನ್ನಿ.

ಖಜಾಂಚಿ: ವರಮಾನದ ಶೇ. 85 ಖರ್ಚಾಗಬೇಕು ಅನ್ನುತ್ತೆ ತೆರಿಗೆ ಕಾನೂನು. ಮಾರ್ಚ್ 31 ಬಂದೇಬಿಡ್ತು.

ಗುಂಡ: ಪಾವಗಡದಲ್ಲಿ ಇನ್ನೊಂದು ಕ್ಯಾಂಪ್ ಮಾಡೋಣ್ವಾ?

ಅಧ್ಯಕ್ಷರು: ರೋಗಿಗಳನ್ನ ಹುಡುಕಬೇಕು ಮಾರಾಯ. ರೆಸಾರ್ಟಾದ್ರೆ ಒಂದೇ ಫೋನು.

(ಕಾಫಿ ಬಂತು. ಸಭೆಗೆ ಜೀವವೂ ಬಂತು.)

ಪದ್ಮಕ್ಕ: ಟಾರ್ಚಿನ ಸೆಲ್ ಹೋಗಿದೆ. ಮೊಬೈಲ್ ಬೆಳಕಲ್ಲೇ ಕಣ್ಣು ನೋಡ್ತಿದೀವಿ. 40 ರೂಪಾಯಿ ಕೊಟ್ರೆ...

ಅಧ್ಯಕ್ಷರು: ಅದು ಕಾರ್ಯತಂತ್ರದಲ್ಲಿ ಬರಲ್ಲಮ್ಮ. ಅದು ಬರೀ ಕಾರ್ಯ.

ಗುಂಡ: ಸರಿಯಾಯ್ತಲ್ಲ ಪದ್ಮಕ್ಕ! ಕಾರ್ಯ ನಮ್ಮದು, ತಂತ್ರ ಅವರದು.

(ವಿಷನ್ ಡಾಕ್ಯುಮೆಂಟ್ ಸರ್ವಾನುಮತದಿಂದ ಪಾಸಾಯಿತು. 40 ರೂಪಾಯಿಯ ವಿಷಯವನ್ನು ಉಪಸಮಿತಿಗೆ ಒಪ್ಪಿಸಲಾಗಿದೆ.)