ಇದೇ ಸೋಮವಾರದಿಂದ...

ನಮ್ಮ ಅಳಿಯನನ್ನು ನೀವು ನೋಡಿರುತ್ತೀರಿ. ನಮ್ಮವನಲ್ಲದಿದ್ದರೆ ನಿಮ್ಮ ಓಣಿಯವನನ್ನಾದರೂ ನೋಡಿರುತ್ತೀರಿ. ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಜೋಡಿಸಿ ಚೌಕಟ್ಟು ಮಾಡಿ, ಅದರೊಳಗಿಂದಲೇ ಹಿರಿಯರ ಮುಖ ನೋಡಿ ಮಾತಾಡುತ್ತಾನೆ. ಕೊರಳಲ್ಲಿ ಹೆಡ್‌ಫೋನ್ ಇರುತ್ತದೆ, ಅದರ ವೈರು ಯಾವುದಕ್ಕೂ ಸೇರಿರುವುದಿಲ್ಲ. ಚಹಾ ಕೊಟ್ಟರೆ ಹಬೆಯ ಮೇಲೆ ಕಿಟಕಿಯ ಬೆಳಕು ಹೇಗೆ ಬಿದ್ದಿದೆ ಎಂದು ನೋಡುತ್ತ ಕೂತು, ಅದು ಆರಿದ ಮೇಲೆ ಮತ್ತೆ ಬಿಸಿ ಮಾಡಿಸುತ್ತಾನೆ. ಮನೆಯಲ್ಲಿಟ್ಟ ಹೆಸರು ಬೇರೆ ಇದೆ. ಈಗ ಎಲ್ಲರೂ ಕರೆಯುವುದು ಡೈರೆಕ್ಟರ್ ಎಂದೇ.

ಡೈರೆಕ್ಟರ್ ವಿಜಯಪುರದ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಾನೆ. ಕಳೆದ ಸೆಮಿಸ್ಟರಿನಲ್ಲಿ ಅವರ ಮೇಡಂ ಒಂದು ಕೆಲಸ ಕೊಟ್ಟರು. ಐದೈದು ಜನರ ಗುಂಪು ಮಾಡಿಕೊಂಡು, ಇಲ್ಲದ ಒಂದು ಧಾರಾವಾಹಿಗೆ ಒಂದು ನಿಮಿಷದ ಟ್ರೇಲರ್, ಒಂದು ಪೋಸ್ಟರ್, ಪತ್ರಿಕೆಗೆ ಕೊಡುವ ಒಂದು ಪ್ರಕಟಣೆ ತಯಾರಿಸಬೇಕು. ಗುಂಪಿನಲ್ಲಿ ಒಬ್ಬನಿಗೆ ಒಳ್ಳೆಯ ಫೋನಿತ್ತು, ಅವನು ಕ್ಯಾಮೆರಾಮನ್ ಆದ. ಒಬ್ಬನಿಗೆ ಬೈಕಿತ್ತು, ಅವನು ಪ್ರೊಡಕ್ಷನ್ ಮ್ಯಾನೇಜರ್. ಇಬ್ಬರು ಹುಡುಗಿಯರಲ್ಲಿ ಒಬ್ಬಳು ನಾಯಕಿ. ಇನ್ನೊಬ್ಬಳು ಉಳಿದ ಕೆಲಸವನ್ನೆಲ್ಲ ಮಾಡುವವಳು. ಫೋನೂ ಇಲ್ಲದ, ಬೈಕೂ ಇಲ್ಲದ, ಕೆಲಸವೂ ಬಾರದ ಒಬ್ಬ ಉಳಿದ. ಅವನು ಡೈರೆಕ್ಟರ್ ಆಗದೆ ಬೇರೆ ದಾರಿ ಇರಲಿಲ್ಲ.

"ಕಥಿ ಏನೋ?" ಅಂತ ಕೇಳಿದೆ.

"ಮಾಮಾ, ಟ್ರೇಲರಿಗೆ ಕಥಿ ಬ್ಯಾಡ. ಫೀಲ್ ಬೇಕು."

"ಮತ್ತ ನಾ ಏನ ಮಾಡ್ಬೇಕು?"

"ನೀ ಪ್ರೊಡ್ಯೂಸರ್."

ಸೋದರಮಾವನಾದವನು ಜವಳದಿಂದ ಮದುವೆಯ ತನಕ ಎಲ್ಲದಕ್ಕೂ ಪ್ರೊಡ್ಯೂಸರೇ. ಹೊಸ ಹೆಸರು ಬಂತು ಅಷ್ಟೆ, ಖರ್ಚು ಹಳೆಯದು.

ಶೂಟಿಂಗ್ ನಡೆಯುವುದು ವಿಜಯಪುರ, ಟಿಕೋಟಾ, ಬಬಲೇಶ್ವರಗಳಲ್ಲಿ ಎಂದು ಅವನು ಘೋಷಿಸಿದ. ಸಿನಿಮಾದವರು ಪ್ಯಾನ್ ಇಂಡಿಯಾ ಅನ್ನುತ್ತಾರಲ್ಲ, ಇದು ಪ್ಯಾನ್ ತಾಲೂಕು. ಮೊದಲು ಮೂರೂ ಒಂದೇ ತಾಲೂಕಿನಲ್ಲಿದ್ದವು. ಟಿಕೋಟಾ, ಬಬಲೇಶ್ವರಗಳು ಈಚೆಗೆ ತಾಲೂಕಾದ ಮೇಲೆ ಡೈರೆಕ್ಟರನ ವ್ಯಾಪ್ತಿ ಮೂರು ಪಟ್ಟಾಯಿತು.

ಟಿಕೋಟಾದಲ್ಲಿ ನಮ್ಮ ಮನೆಯಿದೆ. ಅಣ್ಣನ ದ್ರಾಕ್ಷಿ ತೋಟವಿದೆ, ಅವ್ವ ಇದ್ದಾಳೆ. ಮೊಮ್ಮಗ ಪಡಸಾಲಿಯಲ್ಲಿ ಕೂತು "ಸೋಪ್ ಒಪೆರಾ ಮಾಡಾಕತ್ತೀನಿ ಆಯಿ" ಅಂದಾಗ ಅವಳು ಕೇಳಿದಳು: "ಸೋಪ್ ಅಂದ್ರ ಮೈಗೆ ಹಚ್ಚೋದಲ್ಲೇನೋ?"

ಡೈರೆಕ್ಟರ್ ತರಗತಿಯಲ್ಲಿ ಕೇಳಿ ನೆನಪಿಟ್ಟ ಒಂದೇ ಪಾಠ ಅದು. ಉತ್ಸಾಹದಿಂದ ಹೇಳಿದ. "ಅದ ಆಯಿ! 1930ರ ಸುಮಾರಿಗೆ ಅಮೆರಿಕದಾಗ ರೇಡಿಯೋದಾಗ ಹಗಲಿನ್ಯಾಗ ಹೆಣ್ಮಕ್ಕಳ ಸಲುವಾಗಿ ಕಥಿ ಬರ್ತಿದ್ವು. ಸಾಬೂನಿನ ಕಂಪನಿಯವ್ರು ರೊಕ್ಕಾ ಹಾಕಿ ಮಾಡಿಸ್ತಿದ್ರು. ಅದಕ್ಕ ಆ ಹೆಸರು ಬಂತು. ನಮ್ಮ ದೇಶದ ಟಿವಿಯಾಗ ಮೊದಲನೇದು 'ಹಮ್ ಲೋಗ್', 1984ರ ಜುಲೈದಾಗ ಸುರು ಆತು."

ಅವ್ವನಿಗೆ ದಿಲ್ಲಿಯ ಸುದ್ದಿ ಬೇಡವಾಗಿತ್ತು. "ಅಂದ್ರ ಮೊದಲ ಸಾಬೂನು, ಆಮ್ಯಾಲ ಕಥಿ."

"ಹಂಗ ತಿಳ್ಕೋ ಆಯಿ."

ಅವ್ವ ಒಮ್ಮೆ ತಿಳಿದುಕೊಂಡದ್ದನ್ನು ಬಿಡುವವಳಲ್ಲ. ಈಟಿವಿ ಕನ್ನಡ ಹೋಗಿ ಕಲರ್ಸ್ ಕನ್ನಡ ಆದದ್ದು 2015ರಲ್ಲಿ. ಅವಳ ಬಾಯಲ್ಲಿ ಅದು ಇವತ್ತಿಗೂ ಈಟಿವಿಯೇ. ನಾವು ಮಾತ್ರ ಏನು, ಸರ್ಕಾರ 2014ರಲ್ಲಿ ವಿಜಯಪುರ ಮಾಡಿದ ಊರಿಗೆ ಬಸ್ಸು ಹತ್ತುವಾಗ "ಬಿಜಾಪುರಕ್ಕ ಎರಡು ಕೊಡ್ರಿ" ಅನ್ನುವವರೇ. ವೈಶಾಲಿ ಕಾಸರವಳ್ಳಿ ನಿರ್ದೇಶಿಸಿದ 'ಮೂಡಲ ಮನೆ' ಬರುತ್ತಿದ್ದ ಕಾಲವನ್ನು ಅವ್ವ ಈಗಲೂ ನೆನೆಯುತ್ತಾಳೆ. ಅದರಲ್ಲಿ ಮಂದಿ ನಮ್ಮ ಕಡೆಯ ಹಾಗೆ ಮಾತಾಡುತ್ತಿದ್ದರು. ಟಿವಿಯಲ್ಲಿ ಅತ್ತೆ ಸೊಸೆಯರು ಜಗಳಾಡಿದರೂ ನಮ್ಮ ಭಾಷೆಯಲ್ಲೇ ಆಡಿದರೆ ಬೈಗಳಿಗೊಂದು ತೂಕವಿರುತ್ತದೆ ಎಂಬುದು ಅವಳ ವಾದ.

ಡೈರೆಕ್ಟರ್ ಇದನ್ನು ಒಪ್ಪಲಿಲ್ಲ. ಅವನಿಗೆ ಸೀರಿಯಲ್ ಕನ್ನಡವೇ ಬೇಕು. ಬಬಲೇಶ್ವರದಲ್ಲಿ ನಾಯಕಿಯ ಮನೆಯ ಮುಂದೆ ಮೊದಲ ದಿನದ ಶೂಟಿಂಗ್. ನಾಯಕಿ ಹೇಳಬೇಕಾದ ಮಾತು: "ಪ್ರಾಣ ಹೋದರೂ ನಾನು ಈ ಮನೆ ಬಿಟ್ಟು ಹೋಗೋದಿಲ್ಲ." ಹುಡುಗಿ ಚೆನ್ನಾಗಿಯೇ ಶುರು ಮಾಡುತ್ತಾಳೆ, 'ಈ ಮನೆ ಬಿಟ್ಟು' ತನಕ ಬೆಂಗಳೂರಿನಲ್ಲಿರುತ್ತಾಳೆ, ಆವೇಶ ಬಂದ ಕೂಡಲೇ "ಹೋಗಾಂಗಿಲ್ಲ!" ಎಂದು ಬಬಲೇಶ್ವರಕ್ಕೆ ಬಂದುಬಿಡುತ್ತಾಳೆ. ಹನ್ನೊಂದು ಸಲ ಕಟ್ ಆಯಿತು. ಹನ್ನೆರಡನೆಯ ಸಲ ಅವಳು, "ನಾ ಹೋಗಾಂಗಿಲ್ಲ, ಬೇಕಾದ್ರ ನೀ ಹೋಗು" ಎಂದು ನೇರವಾಗಿ ಡೈರೆಕ್ಟರನಿಗೇ ಹೇಳಿದಳು. ಅದೇ ಒಳ್ಳೆಯ ಟೇಕ್. ಕ್ಯಾಮೆರಾಮನ್ ನಗುತ್ತ ಫೋನ್ ಅಲ್ಲಾಡಿಸಿದ್ದ.

ನಾಯಕಿಯ ತಂದೆ ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಮುಂದಿನದು ಅಳುವ ದೃಶ್ಯ ಎಂದ ಕೂಡಲೇ ಎದ್ದರು. "ನೋಡ್ ತಮ್ಮಾ, ಈಕಿನ್ನ ಇಲ್ಲೀತನಕ ಮನ್ಯಾಗ ಒಮ್ಮಿನೂ ಅಳಿಸಿಲ್ಲ. ನಿಮ್ಮ ಮಾರ್ಕ್ಸಿಗೆ ಯಾಕ ಅಳಬೇಕು?"

"ಕಾಕಾ, ಖರೇ ಅಳಾಂಗಿಲ್ರಿ. ಉಳ್ಳಾಗಡ್ಡಿ ಇಟ್ಟು ಅಳಿಸ್ತೀವ್ರಿ."

ಪ್ರೊಡಕ್ಷನ್ ಮ್ಯಾನೇಜರ್ ಬೈಕಿನ ಮೇಲೆ ಹೋಗಿ ಒಂದು ಕಿಲೋ ಉಳ್ಳಾಗಡ್ಡಿ ತಂದ. ಅಷ್ಟರಲ್ಲಿ ಊಟದ ಹೊತ್ತಾಯಿತು. ಒಳಗಿಂದ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಜುಣಕ ಬಂದವು. ಕಾಕಾ ಒಂದು ಉಳ್ಳಾಗಡ್ಡಿ ಎತ್ತಿ, ಕಟ್ಟೆಯ ಮೇಲಿಟ್ಟು ಮುಷ್ಟಿಯಿಂದ ಗುದ್ದಿ, ಬಿಚ್ಚಿ ಎಲ್ಲರ ತಾಟಿಗೆ ಹಾಕಿದರು. ಚಿತ್ರತಂಡದ ಕಣ್ಣೀರೆಲ್ಲ ಹೀಗೆ ರೊಟ್ಟಿಯ ಜೊತೆ ಹೊಟ್ಟೆ ಸೇರಿತು.

ಊಟವಾದ ಮೇಲೆ ಡೈರೆಕ್ಟರನಿಗೆ ಹುಲಿ ನೆನಪಾಯಿತು. 'ಪುಟ್ಟಗೌರಿ ಮದುವೆ'ಯ ನಾಯಕಿ ಕಾಡಿನಲ್ಲಿ ಹುಲಿಯ ಎದುರು ನಿಂತದ್ದನ್ನು ನಾಡೇ ಆಡಿಕೊಂಡು ನಕ್ಕಿತ್ತು. ನಕ್ಕರೂ ನೋಡಿತ್ತಲ್ಲ, ಹಾಗಾಗಿ ನಮಗೂ ಅಂಥದೊಂದು ಬೇಕು ಎಂಬುದು ಅವನ ಲೆಕ್ಕ.

"ಹುಲಿ ಇಲ್ಲಪಾ, ಎಮ್ಮಿ ಐತಿ," ಅಂದರು ಕಾಕಾ.

ಎಮ್ಮೆಯನ್ನು ಬಿಚ್ಚಿ ತಂದು ನಾಯಕಿಯ ಎದುರು ನಿಲ್ಲಿಸಿದರು. ನಾಯಕಿ ಹೆದರಬೇಕು. ಆದರೆ ಅದು ಅವಳ ಕೈಯಿಂದಲೇ ದಿನಾ ಮೇವು ತಿನ್ನುವ ಎಮ್ಮೆ. ಅವಳನ್ನು ಕಂಡ ಕೂಡಲೇ ಹತ್ತಿರ ಬಂದು ಸೆರಗು ನೆಕ್ಕಿತು.

ಎರಡನೆಯ ದಿನ ಟಿಕೋಟಾ. ಒಣದ್ರಾಕ್ಷಿ ಶೆಡ್ಡಿನೊಳಗೆ ನಾಯಕಿ ಸಾಲುಗಳ ನಡುವೆ ಓಡಿ ಬರುವ ದೃಶ್ಯ. ಹೊರಗಿನವರಿಗೆ ಆ ಶೆಡ್ಡು ಅರಮನೆಯ ಓಣಿಯ ಹಾಗೆ ಕಾಣುತ್ತದೆ. ಒಂದರ ಮೇಲೊಂದು ಕಟ್ಟಿದ ಜಾಳಿಗೆಗಳ ತುಂಬ ಹಸಿ ದ್ರಾಕ್ಷಿ, ಸುತ್ತ ಹಸಿರು ನೆಟ್ಟು, ನಡುವೆ ಸೋಸಿ ಬರುವ ಬಿಸಿಲು. ಅಣ್ಣನಿಗೆ ಮಾತ್ರ ಅದು ಒಂದು ವರ್ಷದ ದುಡಿಮೆ. ಅದು ಮಣೂಕವಾಗಿ ಸಾಂಗ್ಲಿ, ತಾಸಗಾಂವದ ಪೇಟೆ ಮುಟ್ಟುವ ತನಕ ಅವನಿಗೆ ನಿದ್ದೆ ಬರುವುದಿಲ್ಲ. ಒಂದೇ ಷರತ್ತು ಹಾಕಿದ: "ಎಷ್ಟರೆ ಓಡ್ಲಿ, ನೆಟ್ಟಿಗೆ ಕೈ ಹತ್ತಬಾರ್ದು." ನಾಯಕಿ ಎರಡೂ ಕೈ ಮೈಗಂಟಿಸಿಕೊಂಡು ಓಡಿದಳು. ಪ್ರೇಮಿಯ ಕಡೆಗೆ ಓಡುವ ಬದಲು ಪಿ.ಟಿ. ಪೀರಿಯಡ್ಡಿಗೆ ಓಡಿದ ಹಾಗೆ ಬಂತು. ನೆಟ್ಟಿನ ಬಣ್ಣ ಬಿದ್ದು ಎಲ್ಲರ ಮುಖವೂ ಹಸಿರಾಗಿತ್ತು. ದ್ರಾಕ್ಷಿ ಆರಿಸಲು ಬಂದಿದ್ದ ಹೆಣ್ಣುಮಕ್ಕಳನ್ನು ಊರ ಜನರೆಂದು ನಿಲ್ಲಿಸಲು ನೋಡಿದಾಗ, ಅವರಲ್ಲೊಬ್ಬಳು ಕೇಳಿದಳು: "ನಿಂದ್ರತೀವಿ. ಹಾಜರಿ ಯಾರು ಹಾಕ್ತೀರಿ?" ಎಲ್ಲರೂ ಪ್ರೊಡ್ಯೂಸರನ ಕಡೆ ನೋಡಿದರು.

ಅತ್ತೆಯ ಪಾತ್ರ ನಮ್ಮ ವೈನಿಯದು. ಡೈರೆಕ್ಟರನಿಗೆ ಅವಳು ಖರೆ ಅತ್ತೆಯೇ. ಅವನು ಬರೆಸಿದ್ದ ಮಾತು: "ಈ ಮನೆಯ ಹೊಸ್ತಿಲು ದಾಟಬೇಕಾದರೆ ನಿನ್ನ ಹೆಣ ದಾಟಬೇಕು!"

"ಅಯ್ಯ ಶಿವನ, ದೀಪಾ ಹಚ್ಚೂ ಹೊತ್ತಿನ್ಯಾಗ ಹೆಣಾ ಅಂತೀರೇನ?" ವೈನಿ ಕೈ ಮುಗಿದಳು. "ನಾ ಒಲ್ಲೆ."

"ಅತ್ತೀ, ಸುಮ್ನ ಸಿಟ್ಟಿಲೆ ಏನರೆ ಅನ್ನು, ಆಮ್ಯಾಲ ದನಿ ಹಾಕ್ತೀನಿ."

ವೈನಿ ಬಹಳ ಕಷ್ಟಪಟ್ಟು ಹುಬ್ಬು ಗಂಟಿಕ್ಕಿದಳು. ಎದುರಿಗಿದ್ದ ಹುಡುಗಿ ಬೆಳಿಗ್ಗೆಯಿಂದ ಬಿಸಿಲಲ್ಲಿ ಓಡಿ ಬಾಡಿದ್ದಳು. ಕ್ಯಾಮೆರಾ ಶುರುವಾಯಿತು. ವೈನಿಯ ಬಾಯಿಂದ ಬಂದದ್ದು ಎರಡೇ ಶಬ್ದ: "ಏನರೆ ಉಂಡಿಯೇನವ್ವಾ?"

ಡೈರೆಕ್ಟರ್ ತಲೆಗೆ ಕೈ ಹಚ್ಚಿ ಕೂತ.

ಮೂರನೆಯ ದಿನ ಗೋಳಗುಮ್ಮಟ. ಸೀರಿಯಲ್‌ನಲ್ಲಿ ಆಘಾತವಾದಾಗ ನಾಯಕಿ "ಇಲ್ಲಾ" ಅನ್ನುತ್ತಾಳೆ, ಎಡಿಟರ್ ಅದನ್ನು ಮೂರು ಸಲ ಮಾಡುತ್ತಾನೆ. ಮೊಹಮ್ಮದ್ ಆದಿಲ್‌ಶಾಹನ ಗುಮ್ಮಟ 1656ರಿಂದ ಪುಕ್ಕಟೆಯಾಗಿ ಏಳು ಸಲ ಮಾಡಿಕೊಡುತ್ತಿದೆ. ಇಷ್ಟು ದೊಡ್ಡ ಸ್ಟುಡಿಯೋ ಊರಲ್ಲೇ ಇರುವಾಗ ಆ್ಯಪ್ ಯಾಕೆ ಎಂದು ಡೈರೆಕ್ಟರ್ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಫೋನಿನ ಸ್ಟ್ಯಾಂಡಿಗೆ ಅನುಮತಿ ಬೇಕು ಎಂದು ಕಾವಲುಗಾರ ಅದನ್ನು ಬಾಗಿಲಲ್ಲೇ ಇಡಿಸಿಕೊಂಡ. ಮೂಲೆಯ ಮಿನಾರಿನೊಳಗಿನ ಕಿರಿದಾದ ಮೆಟ್ಟಿಲು ಏಳು ಅಂತಸ್ತು ಹತ್ತಿ, ಏದುಸಿರು ಬಿಡುತ್ತ ಗ್ಯಾಲರಿ ಮುಟ್ಟಿದೆವು. ನಾಯಕಿ ಗೋಡೆಗೆ ಮುಖ ಮಾಡಿ "ಇಲ್ಲಾ!" ಅಂದಳು. ಅದೇ ಕ್ಷಣಕ್ಕೆ ಪ್ರವಾಸ ಬಂದಿದ್ದ ಯಾವುದೋ ಶಾಲೆಯ ಮಕ್ಕಳು ಒಳಗೆ ನುಗ್ಗಿ "ಓ..." ಎಂದು ಕೂಗಿದರು, ಒಬ್ಬ ಸೀಟಿ ಹೊಡೆದ, ಇನ್ನೊಬ್ಬ ಕೋಳಿ ಕೂಗಿದ. ಎಲ್ಲವೂ ಏಳೇಳು ಸಲ. ರೆಕಾರ್ಡಿಂಗಿನಲ್ಲಿ ನಾಯಕಿಯ ದುಃಖ ಸಿಗಲಿಲ್ಲ, ಕೋಳಿ ಮಾತ್ರ ಸ್ಪಷ್ಟವಾಗಿ ಸಿಕ್ಕಿತು.

ಸಂಜೆ ಬಾರಾ ಕಮಾನಿನ ಹುಲ್ಲಿನ ಮೇಲೆ ಕಾಲು ಚಾಚಿ ಕೂತೆವು. ಎರಡನೆಯ ಅಲಿ ಆದಿಲ್‌ಶಾಹನ ಗೋರಿಗೆಂದು ಶುರುವಾದ ಕಟ್ಟಡ. ಕಮಾನುಗಳು ಎದ್ದವು, ಮೇಲೆ ಗುಮ್ಮಟ ಏರಲೇ ಇಲ್ಲ. ನೋಡಿದವರೆಲ್ಲ ಪೂರ್ತಿ ಆಗಿದ್ದರೆ ಹೇಗಿರುತ್ತಿತ್ತೋ ಎಂದುಕೊಂಡೇ ಮನೆಗೆ ಹೋಗುತ್ತಾರೆ. ಡೈರೆಕ್ಟರ್ ಬೆರಳ ಚೌಕಟ್ಟಿನಿಂದ ಅದನ್ನು ಬಹಳ ಹೊತ್ತು ನೋಡಿ ಹೇಳಿದ: "ಮಾಮಾ, ಇದನ್ನ ಕಟ್ಟಿಸಿದಾಂವ ನಮ್ಮಾಂವ."

ಮುಂದಿನ ನಾಲ್ಕು ರಾತ್ರಿ ಎಡಿಟಿಂಗ್. ಬಬಲೇಶ್ವರದ್ದು ಅಲುಗಾಡಿತ್ತು, ಟಿಕೋಟಾದ್ದು ಹಸಿರಾಗಿತ್ತು, ಗುಮ್ಮಟದ್ದು ಕೋಳಿಯ ಪಾಲಾಗಿತ್ತು. ನೆಟ್ಟಗೆ ಉಳಿದದ್ದು ವೈನಿಯ ಎರಡು ಶಬ್ದ. ಉಳಿದ ಕೆಲಸವನ್ನೆಲ್ಲ ಮಾಡುವ ಆ ಹುಡುಗಿ, ಬೇರೇನೂ ತೋಚದೆ, ಅದರ ಹಿಂದೆ ಗುಡುಗಿನ ಸದ್ದು ಹಾಕಿದಳು. ವೈನಿಯ ಮುಖವನ್ನು ಮೂರು ಸಲ ಹತ್ತಿರ ತಂದಳು. ಆಮೇಲೆ ಬಾಡಿದ ನಾಯಕಿಯ ಮುಖ. ಆಮೇಲೆ ಕಪ್ಪು ಪರದೆ.

ಆ ಕಪ್ಪಿನಲ್ಲಿ ಮೈ ನಡುಗಿತು. ನಾಲ್ವತ್ತು ವರ್ಷ ಊರ ಹಸಿದವರಿಗೆಲ್ಲ ಕೇಳಿದ ಮಾತು, ಒಂದು ಗುಡುಗಿನಿಂದ ವಿಷದ ಬಟ್ಟಲಾಗಿತ್ತು. "ಏನರೆ... ಉಂಡಿಯೇನವ್ವಾ?" ಧಡಾರ್! ಅವಳು ಊಟದಲ್ಲಿ ಏನೋ ಹಾಕಿದ್ದಾಳೆ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯುವಂತಿರಲಿಲ್ಲ. ಕೊನೆಗೆ ಡೈರೆಕ್ಟರನ ದಪ್ಪ ದನಿ: "ಕಣ್ಣೀರ ಹೊಸ್ತಿಲು! ಇದೇ ಸೋಮವಾರದಿಂದ, ರಾತ್ರಿ 8ಕ್ಕೆ!"

ಪೋಸ್ಟರ್ ಆಗಿದ್ದು ಗಾಂಧಿ ಚೌಕದ ಹತ್ತಿರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆದು "ಕಣ್‌ಣೀರ ಹೊಸ್‌ತಿಲು" ಎಂದು ಬಂತು. ಅಂಗಡಿಯ ಹುಡುಗ ಅಭ್ಯಾಸಬಲದಿಂದ ಡೈರೆಕ್ಟರನ ಫೋಟೋಕ್ಕೆ ಕಪ್ಪು ಕನ್ನಡಕ ತೊಡಿಸಿ, ಕೈ ಮುಗಿಸಿ, ಸುತ್ತ ಬಂಗಾರದ ಉಂಗುರ ಹಾಕಿ ಕೇಳಿದ: "ಅಣ್ಣಾ, ಶುಭ ಕೋರುವವರು ಯಾರ್ಯಾರು?" ಹೀಗಾಗಿ ಪೋಸ್ಟರಿನ ಅಡಿಯಲ್ಲಿ ಗೆಳೆಯರ ಬಳಗದ ಹತ್ತು ಮುಖಗಳು ಬಂದವು. ನಾಯಕಿಗೆ ಮೂಲೆಯಲ್ಲಿ ಅಂಚೆ ಚೀಟಿಯಷ್ಟು ಜಾಗ ಸಿಕ್ಕಿತು. ಪತ್ರಿಕಾ ಪ್ರಕಟಣೆಯನ್ನು ಡೈರೆಕ್ಟರನೇ ಸ್ವತಃ ಬರೆದ. ಹಿಂದೆಂದೂ ಕಾಣದ ವಿಭಿನ್ನ ಕಥಾಹಂದರ ಎಂಬುದು ಅದರ ಮೊದಲ ಸಾಲು. ಎರಡನೆಯ ಸಾಲು ಅವನಿಗೆ ಹೊಳೆಯಲಿಲ್ಲ.

ಮೇಡಂ ಟ್ರೇಲರ್ ನೋಡಿ ಒಂದೇ ಮಾತು ಕೇಳಿದರಂತೆ: "ಆ ಅತ್ತೆ ಪಾತ್ರ ಮಾಡಿದವರು ಯಾವ ನಾಟಕ ಕಂಪನಿಯವರು?" ಮಾರ್ಕ್ಸ್ ಚೆನ್ನಾಗಿಯೇ ಬಿದ್ದವು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಡೈರೆಕ್ಟರ್ ಅಭಿಮಾನದಿಂದ ಟ್ರೇಲರನ್ನು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ, ಫ್ಲೆಕ್ಸನ್ನು ಟಿಕೋಟಾದ ನಮ್ಮ ಮನೆಯ ಗೋಡೆಗೆ ಕಟ್ಟಿಸಿದ.

ವೈನಿ ತನ್ನನ್ನು ತಾನೇ ನೋಡಿ ಹೆದರಿದಳು. "ಖರೇ ಹೇಳೋ, ನಾ ಆಕಿ ಊಟದಾಗ ಏನ ಹಾಕೀನಿ?" ಡೈರೆಕ್ಟರನಿಗೆ ಗೊತ್ತಿದ್ದರೆ ತಾನೇ! "ಮುಂದಿನ ಕಂತಿನ್ಯಾಗ ಗೊತ್ತಾಕೈತಿ ಅತ್ತೀ" ಎಂದು ಪಾರಾದ. ಓಣಿಯ ಹೆಣ್ಣುಮಕ್ಕಳು ವೈನಿಯನ್ನು ಓರೆಗಣ್ಣಿನಿಂದ ನೋಡತೊಡಗಿದರು. ಹಬ್ಬಕ್ಕೆ ಕೊಟ್ಟ ಹೋಳಿಗೆಯನ್ನು ಪಕ್ಕದ ಮನೆಯವಳು ಮೊದಲು ಗಂಡನಿಗೆ ತಿನ್ನಿಸಿ ನೋಡಿದಳಂತೆ. ಕೇಬಲ್ ಹುಡುಗ ಎರಡು ಸಲ ಬಂದ. "ಮುಂಜಾನಿಂದ ಮಂದಿ ಫೋನ್ ಹಚ್ಚಾಕತ್ತಾರ್ರಿ. ಅದು ಎಷ್ಟನೇ ನಂಬರಿನ್ಯಾಗ ಬರ್ತೈತಿ?"

ಸೋಮವಾರ ರಾತ್ರಿ ನಾನೂ ಟಿಕೋಟಾದಲ್ಲಿದ್ದೆ. ಏಳೂವರೆಗೇ ಪಡಸಾಲಿ ತುಂಬಿತು. ಬಬಲೇಶ್ವರದಿಂದ ಕಾಕಾ ಫೋನ್ ಮಾಡಿ, ಅಲ್ಲಿಯೂ ಎಲ್ಲರೂ ಟಿವಿ ಮುಂದೆ ಕೂತಿದ್ದಾರೆ, ಹುಡುಗಿಯನ್ನು ಅಳಿಸುವ ಹಾಗಿದ್ದರೆ ಮೊದಲೇ ಹೇಳಿರಿ ಎಂದರು. ಡೈರೆಕ್ಟರ್ ಹಿತ್ತಲ ಬಾಗಿಲಿಂದ ಹೊರಟದ್ದನ್ನು ನಾನು ನೋಡಿದೆ. ಕೊರಳಲ್ಲಿ ಹೆಡ್‌ಫೋನ್ ಇರಲಿಲ್ಲ.

ಎಂಟು ಹೊಡೆಯಿತು. ಅವ್ವ ಈಟಿವಿ ಹಚ್ಚಿಸಿದಳು. ಯಾವುದೋ ಜಾಹೀರಾತು ಬರುತ್ತಿತ್ತು. ಅದು ಮುಗಿದು ಇನ್ನೊಂದು ಬಂತು. "ಎಲ್ಲಿ ಐತ್ರಿ ಆಯಿ? ಸುಳ್ಳ ಹೇಳ್ಯಾನ ಹುಡುಗ" ಎಂದು ಒಬ್ಬಳು ಏಳಲು ನೋಡಿದಳು.

ಪರದೆಯ ಮೇಲೆ ಚಂದದ ಹುಡುಗಿಯೊಬ್ಬಳು ನೊರೆಯಲ್ಲಿ ಮುಖ ತೊಳೆದುಕೊಂಡು ನಕ್ಕಳು.

ಅವ್ವ ಆ ಹೆಂಗಸಿನ ಸೆರಗು ಹಿಡಿದು ಕೂಡಿಸಿದಳು. "ಕೂಡ ತಂಗೀ, ಎಲ್ಲಿಗೆ ಹೋಗ್ತಿ? ಸಾಬೂನು ಬಂತಲ್ಲ. ಇನ್ನ ಕಥಿ ಬರ್ತೈತಿ."