ಮನೆಯೊಳಗಿನ ಸೂಪರ್ ಟ್ಯಾಕಲ್

ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಾಳೆ, ಕಾಲೇಜು ತಂಡಕ್ಕೆ ಕಬಡ್ಡಿ ಆಡುತ್ತಾಳೆ. ಎರಡನ್ನೂ ತೂಗಿಸುವುದು ಕಷ್ಟವಲ್ಲವೇ ಎಂದು ಸಿಕ್ಕವರೆಲ್ಲ ಕೇಳುತ್ತಾರೆ. ಬಹಳ ಕಷ್ಟ, ನನಗೆ. ಅವಳೇನೋ ಆರಾಮಾಗಿದ್ದಾಳೆ.

ಬೆಳಗಿನ ಜಾವ ಐದಕ್ಕೆ ಪ್ರಾಕ್ಟೀಸ್. ಅವಳನ್ನು ಎಬ್ಬಿಸುವುದು ನಾನು, ನನ್ನನ್ನು ಎಬ್ಬಿಸುವುದು ಹೆಂಡತಿ. ಸ್ಕೂಟರಿನ ಹಿಂದೆ ಕೂತು ಮೊಬೈಲ್ ಬೆಳಕಿನಲ್ಲಿ ಥರ್ಮೋಡೈನಮಿಕ್ಸ್ ನೋಟ್ಸ್ ಗಟ್ಟಿಯಾಗಿ ಓದುತ್ತಾಳೆ. ಹೀಗಾಗಿ, ಎಂಟ್ರೊಪಿ ತಾನಾಗಿ ಕಡಿಮೆಯಾಗುವುದಿಲ್ಲ, ಹೆಚ್ಚುತ್ತಲೇ ಹೋಗುತ್ತದೆ ಎಂಬುದು ಬಿ.ಎ. ಓದಿದ ನನಗೂ ಬಾಯಿಪಾಠ. ಅವಳ ಕೋಣೆ ನೋಡಿದ ಮೇಲೆ ಅರ್ಥವೂ ಆಗಿದೆ.

ಪರೀಕ್ಷೆ ಹತ್ತಿರವಾದಾಗ ನಾನು ಅನಿಲ್ ಕುಂಬ್ಳೆಯವರನ್ನು ಮನೆಗೆ ಕರೆತರುತ್ತೇನೆ, ಮಾತಿನಲ್ಲಿ. "1990ರಲ್ಲೇ ಟೆಸ್ಟ್ ಆಡಿದವರು, ಆದರೂ ಆರ್.ವಿ. ಕಾಲೇಜಿನಲ್ಲಿ ನಿನ್ನದೇ ಮೆಕ್ಯಾನಿಕಲ್ ಮುಗಿಸಿದರು!"

"ಅವರು ಒಂದೇ ಇನ್ನಿಂಗ್ಸಲ್ಲಿ 10 ವಿಕೆಟ್ ತಗೊಂಡ್ರು. ನೀವೇನು ತಗೊಂಡ್ರಿ ಅಪ್ಪಾ?"

"ಬಿಪಿ ಮಾತ್ರೆ," ಅಡುಗೆಮನೆಯಿಂದ ಹೆಂಡತಿಯ ದನಿ.

ಅಷ್ಟಕ್ಕೂ ಮಗಳ ಮೇಜಿನ ಮೇಲೆ ಕುಂಬ್ಳೆ ಇಲ್ಲ. ಕಾರ್ಕಳ ಕಡೆಯ ಮಮತಾ ಪೂಜಾರಿ ಇದ್ದಾರೆ. 2014ರಲ್ಲಿ ಕಬಡ್ಡಿಗಾಗಿ ಅರ್ಜುನ ಪ್ರಶಸ್ತಿ ಪಡೆದವರ ಎದುರು ನನ್ನ ವಾದ ನಿಲ್ಲುವುದುಂಟೇ?

ನಾನೇ ನಿಲ್ಲುವುದಿಲ್ಲ. ಮಹಿಳೆಯರ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ನಮ್ಮ ಹಾಲ್ 12 ಅಡಿ, ಅದರಲ್ಲೇ ಒಂದು ಗಾಜಿನ ಟೀಪಾಯಿ. "ಅಪ್ಪಾ, ಒಂದ್ನಿಮಿಷ ನಿಂತ್ಕೊಳ್ಳಿ, ಆ್ಯಂಕಲ್ ಹೋಲ್ಡ್ ತೋರಿಸ್ತೀನಿ" ಅಂದಳು. ನಿಂತದ್ದು ನೆನಪಿದೆ. ಈಗೆಲ್ಲ ಪೇಪರ್ ಓದುವುದೂ ಎರಡೂ ಕಾಲು ಸೋಫಾದ ಮೇಲಿಟ್ಟುಕೊಂಡೇ.

ಅಂಕಣದಲ್ಲಿ ಮೂವರು ಅಥವಾ ಇನ್ನೂ ಕಡಿಮೆ ಜನ ಉಳಿದಿರುವಾಗ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, 2 ಅಂಕ. ಅವಳನ್ನು ಹಿಡಿಯಲು ಮನೆಯಲ್ಲಿ ನಾವು ಸರಿಯಾಗಿ ಮೂವರು. ಇಂಟರ್ನಲ್ಸ್‌ನ ಹಿಂದಿನ ಸಂಜೆ ಅವಳು ಕಿಟ್ ಬ್ಯಾಗ್ ಹೆಗಲಿಗೇರಿಸುತ್ತಾಳೆ. ನಾನು ಅಡ್ಡ ಬಂದರೆ ಮುಟ್ಟಿ ಔಟ್ ಮಾಡಿ ಮುಂದೆ ಹೋಗುತ್ತಾಳೆ. ಹೆಂಡತಿ ಬೈಯುತ್ತಾಳೆ, ಬೈಗುಳಕ್ಕೆ ಅಂಕವಿಲ್ಲ. ಎಂಬತ್ತು ದಾಟಿದ ನನ್ನಮ್ಮ ಕುರ್ಚಿಯಿಂದ ಏಳುವುದೂ ಇಲ್ಲ. "ನೀರುದೋಸೆ ಕಾವಲಿ ಮೇಲಿದೆ, ತಿಂದು ಹೋಗು ಮಗಾ." ರೈಡರ್ ಅಲ್ಲೇ ಸೆರೆ. ಎಂಟನೇ ದೋಸೆಯ ಹೊತ್ತಿಗೆ ಪುಸ್ತಕ ತೆರೆದಿರುತ್ತದೆ.

ಕಳೆದ ಸೆಮಿಸ್ಟರ್ ಅವಳಿಗೆ ಎಲ್ಲ ವಿಷಯವೂ ಪಾಸು. ತಂಡ ಸೆಮಿಫೈನಲ್‌ನಲ್ಲಿ ಸೋತಿತು. ಫಿಸಿಯೋಥೆರಪಿಗೆ ಹೋಗುತ್ತಿರುವವನು ಮಾತ್ರ ನಾನು. ನಿಮ್ಮ ಮಗಳೂ ಕಬಡ್ಡಿ ಆಡುತ್ತೇನೆಂದರೆ ಧಾರಾಳವಾಗಿ ಸೇರಿಸಿ. ಹೆಸರು ಬರೆಸುವ ಮೊದಲು ಟೀಪಾಯಿ ಮಾರಿಬಿಡಿ.